ಮನೆಯ ತಂತಿಯ ಲೆಕ್ಕ



ಕಳೆದ ಧನುರ್ಮಾಸದಲ್ಲಿ ಒಂದು ದಿನ ಬೆಳಗಿನ ಜಾವ ನಮ್ಮ ತಾಯಿಯವರು ನಮ್ಮನ್ನು ಎಬ್ಬಿಸಿ, "ಬಚ್ಚಲುಮನೆ ಹತ್ತಿರ ಏನೋ ಸುಟ್ಟ ವಾಸನೆ ಬರ್ತಾ ಇದೆ ಕಣಪ್ಪಾ, ಬಂದು ನೋಡು" ಎಂದರು. ಹೋಗಿ ನೋಡಿದೆವು. ನೀರು ಕಾಯಿಸುವ ಕಾಯಿಲು ಬಕೀಟಿನಲ್ಲಿ ಎಂದಿನಂತೆ ಮುಳುಗಿತ್ತು. ನೀರೂ ಎಂದಿನಂತೆಯೇ ಕಾಯುತ್ತಿತ್ತು. ಆದರೆ ಗೋಡೆಯ ಸಾಕೆಟ್ಟಿನ ಒಂದು ತೂತಿನ ಸುತ್ತ ಬಿಳಿಯ ಪ್ಲಾಸ್ಟಿಕ್ಕು ಕಂದಿ, ಉಬ್ಬಿ, ಕರಗಲಾರಂಭಿಸಿತ್ತು. ಒಡನೆಯೇ ಮೇನ್ ಸ್ವಿಚ್ಚನ್ನು ಆರಿಸಿದೆವು. ಇನ್ನು ಸ್ವಲ್ಪ ಹೊತ್ತು ಯಾರೂ ಗಮನಿಸದೆ ಹೋಗಿದ್ದರೆ, ಪಕ್ಕದ ಗೂಟದಲ್ಲಿ ತೂಗುತ್ತಿದ್ದ ಪಂಚೆಗೂ ಅದರ ಮೇಲಿನ ಮರದ ಹಲಗೆಗೂ ಏನು ಗತಿಯಾಗುತ್ತಿತ್ತೋ ಹೇಳಲಾರೆವು.

ಹೊತ್ತೇರಿದ ಮೇಲೆ ಎಲೆಕ್ಟ್ರಿಷಿಯನ್ನು ಬಂದು ಸಾಕೆಟ್ಟನ್ನು ಬಿಚ್ಚಿದನು. "ಒಳಗೆ ಸ್ಕ್ರೂ ಸಡಿಲ ಆಗಿದೆ ಸಾರ್, ಲೂಸ್ ಕಾಂಟ್ಯಾಕ್ಟು. ಅದಕ್ಕೇ ಕಾದಿದೆ" ಎಂದನು. ಪಕ್ಕದಲ್ಲಿ ನಿಂತಿದ್ದ ನಮ್ಮ ಮಗಳು, ಕಾಲೇಜಿನ ಎರಡನೆಯ ವರ್ಷದಲ್ಲಿ ಓದುತ್ತಿರುವವಳು, ಹೀಗೆ ಕೇಳಿದಳು: "ಅಪ್ಪಾ, ಸಡಿಲವಾದರೆ ಕರೆಂಟು ಹರಿಯೋದಕ್ಕೆ ಅಡ್ಡಿ ಜಾಸ್ತಿ ಆಗತ್ತೆ. ಅಡ್ಡಿ ಜಾಸ್ತಿ ಆದರೆ ಕರೆಂಟು ಕಡಿಮೆ ಆಗತ್ತೆ. ಕರೆಂಟು ಕಡಿಮೆ ಆದರೆ ಬಿಸಿಯೂ ಕಡಿಮೆ ಆಗಬೇಕಲ್ವಾ?"

ಓಮನ ನಿಯಮವನ್ನು ಸುಮಾರು ಇಪ್ಪತ್ತು ವರ್ಷಗಳಿಂದ ಕಪ್ಪು ಹಲಗೆಯ ಮೇಲೆ ಬರೆಯುತ್ತ ಬಂದಿರುವ ನಮಗೆ, ಆ ಪ್ರಶ್ನೆಗೆ ತಟಕ್ಕನೆ ಉತ್ತರ ಹೊಳೆಯಲಿಲ್ಲವೆಂಬುದನ್ನು ಇಲ್ಲಿ ಒಪ್ಪಿಕೊಳ್ಳುವುದೇ ಮೇಲು. ಎಲೆಕ್ಟ್ರಿಷಿಯನ್ನನ ಮಾತೂ ಸರಿಯಾಗಿತ್ತು. ಮಗಳ ತರ್ಕದಲ್ಲಿಯೂ ಮೇಲುನೋಟಕ್ಕೆ ತಪ್ಪು ಕಾಣುತ್ತಿರಲಿಲ್ಲ. ಇವೆರಡೂ ಹೇಗೆ ಕೂಡಿಬರುತ್ತವೆಂಬುದನ್ನು ತಮ್ಮ ಮುಂದೆ ವಿಚಾರ ಮಾಡುವುದೇ ಈ ದಿನದ ನಮ್ಮ ಉದ್ದೇಶ. ಇದಕ್ಕೆ ಬೇಕಾದ ಗಣಿತವು ಒಂದು ಗುಣಾಕಾರ, ಒಂದು ಭಾಗಾಕಾರ, ಅಷ್ಟೆ.

ಮೊದಲು ಮಾತುಗಳನ್ನು ಇತ್ಯರ್ಥ ಮಾಡಿಕೊಳ್ಳೋಣ. ತಂತಿಯಲ್ಲಿ ವಿದ್ಯುತ್ತನ್ನು ಮುಂದಕ್ಕೆ ನೂಕುವ ಬಲಕ್ಕೆ ಒತ್ತಡವೆನ್ನುತ್ತೇವೆ. ಇದರ ಅಳತೆ ವೋಲ್ಟು. ನಮ್ಮ ಮನೆಗಳಿಗೆ ಬರುವ ಒತ್ತಡ 230 ವೋಲ್ಟು. ಒಂದು ಕ್ಷಣದಲ್ಲಿ ಎಷ್ಟು ವಿದ್ಯುತ್ತು ಹರಿಯುತ್ತದೆಂಬುದು ಪ್ರವಾಹ. ಇದರ ಅಳತೆ ಆಂಪಿಯರು. ಹರಿಯುವ ದಾರಿಯು ಒಡ್ಡುವ ಅಡ್ಡಿಯು ಪ್ರತಿರೋಧ. ಇದರ ಅಳತೆ ಓಮು. ಇಷ್ಟು ಹೇಳಿದ ಕೂಡಲೇ ಎತ್ತರದ ತೊಟ್ಟಿಯನ್ನೂ ಕೊಳಾಯಿಯ ನೀರನ್ನೂ ತಂದು ಹೋಲಿಸುವುದು ಪಾಠ ಹೇಳುವವರ ಹಳೆಯ ಚಟ. ಹೋಲಿಕೆಯು ಕೆಟ್ಟದ್ದೇನೂ ಅಲ್ಲ. ಆದರೆ ಕೊಳಾಯಿ ಒಡೆದರೆ ನೀರು ಹೊರಕ್ಕೆ ಸುರಿಯುತ್ತದೆ, ತಂತಿ ಕತ್ತರಿಸಿದರೆ ವಿದ್ಯುತ್ತು ಸುರಿಯುವುದಿಲ್ಲ, ನಿಂತೇ ಹೋಗುತ್ತದೆ. ಆದುದರಿಂದ ಆ ತೊಟ್ಟಿಯನ್ನು ಇಂದು ಹೆಚ್ಚು ನಂಬದೆ ಲೆಕ್ಕವನ್ನೇ ನಂಬೋಣ.

ಒತ್ತಡಕ್ಕೂ ಪ್ರವಾಹಕ್ಕೂ ಇರುವ ಸಂಬಂಧವನ್ನು ಕಂಡುಹಿಡಿದವರು ಜರ್ಮನಿಯ ಗಿಯೋರ್ಗ್ ಸೈಮನ್ ಓಮ್. ಇವರು 1789 ರಲ್ಲಿ ಎರ್ಲಾಂಗೆನ್ ಎಂಬ ಊರಿನಲ್ಲಿ ಹುಟ್ಟಿದರು. ತಂದೆ ಬೀಗ ಮಾಡುವ ಕಸಬಿನವರು; ಶಾಲೆಯ ಓದು ಹೆಚ್ಚಿಲ್ಲದಿದ್ದರೂ ತಾವೇ ಗಣಿತವನ್ನು ಕಲಿತು ಮಕ್ಕಳಿಗೆ ಹೇಳಿಕೊಟ್ಟವರು. ಓಮರು ಕೊಲೋನ್ ನಗರದ ಒಂದು ಪ್ರೌಢಶಾಲೆಯಲ್ಲಿ ಉಪಾಧ್ಯಾಯರಾಗಿದ್ದಾಗ, ತರಗತಿಗಳ ನಡುವೆ ಉಳಿದ ವೇಳೆಯಲ್ಲಿ, ತಾವೇ ಕೈಯಾರೆ ಉಪಕರಣಗಳನ್ನು ಮಾಡಿಕೊಂಡು ಪ್ರಯೋಗಗಳನ್ನು ನಡೆಸಿದರು. ಆಗ ವಿದ್ಯುತ್ತಿಗೆ ಆಧಾರವಾಗಿದ್ದುದು ವೋಲ್ಟಾ ಎಂಬಾತನು ಕಂಡುಹಿಡಿದ ಕೋಶ. ಅದರ ದೋಷವೇನೆಂದರೆ, ತಂತಿಯನ್ನು ಕೂಡಿಸಿದ ಮರುಕ್ಷಣದಿಂದಲೇ ಅದರ ಬಲ ಕುಂದುತ್ತ ಹೋಗುವುದು. ನೂಕುವ ಬಲವೇ ಗಳಿಗೆಗೊಂದು ಬಗೆಯಾಗಿರುವಾಗ ತಂತಿಯ ಗುಣವನ್ನು ಅಳೆಯುವುದೆಂತು? ಓಮರು ಕೋಶವನ್ನು ಬಿಟ್ಟರು. ಎರಡು ಬೇರೆ ಬೇರೆ ಲೋಹಗಳ ಬೆಸುಗೆಯನ್ನು ಒಂದು ಕಡೆ ಕಾಯಿಸಿ, ಮತ್ತೊಂದು ಕಡೆ ತಣ್ಣಗಿಟ್ಟರೆ ಅಲ್ಪವಾದರೂ ಸ್ಥಿರವಾದ ಒತ್ತಡ ಹುಟ್ಟುತ್ತದೆಂಬುದು 1821 ರಲ್ಲಿ ತಿಳಿದುಬಂದಿತ್ತು. ಅವರು ತಾಮ್ರ ಮತ್ತು ಬಿಸ್ಮತ್ ಲೋಹಗಳನ್ನು ಬೆಸೆದು, ಒಂದು ಬೆಸುಗೆಯನ್ನು ಕುದಿಯುವ ನೀರಿನಲ್ಲಿಯೂ ಇನ್ನೊಂದನ್ನು ಮಂಜುಗಡ್ಡೆಯಲ್ಲಿಯೂ ಇಟ್ಟರು. ಕುದಿನೀರಿನ ಶಾಖ ಬದಲಾಗದು. ಮಂಜಿನ ಶಾಖವೂ ಬದಲಾಗದು. ಆದುದರಿಂದ ಒತ್ತಡವೂ ಬದಲಾಗದು. ಬಳಿಕ ಉದ್ದವಾದ ತಂತಿ, ಗಿಡ್ಡ ತಂತಿ, ದಪ್ಪ ತಂತಿ, ಸಣ್ಣ ತಂತಿಗಳನ್ನು ಒಂದಾದ ಮೇಲೊಂದರಂತೆ ಕೂಡಿಸಿ, ತೂಗುಬಿಟ್ಟ ಸೂಜಿಗಲ್ಲಿನ ತಿರುವಿನಿಂದ ಪ್ರವಾಹವನ್ನು ಅಳೆದರು. ನಮ್ಮ ಮಟ್ಟಿಗೆ, ಈ ಕುದಿನೀರು-ಮಂಜುಗಡ್ಡೆಯ ಉಪಾಯವು ನಿಯಮಕ್ಕಿಂತಲೂ ಹೆಚ್ಚು ಮೆಚ್ಚಬೇಕಾದ್ದು.

1827 ರಲ್ಲಿ ಪ್ರಕಟವಾದ ಅವರ ಗ್ರಂಥಕ್ಕೆ ಸ್ವದೇಶದಲ್ಲಿ ದೊರೆತದ್ದು ತಿರಸ್ಕಾರ. ಓಮರು ಕೆಲಸವನ್ನು ಬಿಟ್ಟು ಹಲವು ವರ್ಷ ಬಡತನದಲ್ಲಿ ಕಳೆದರು. 1841 ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯವರು ಕಾಪ್ಲಿ ಪದಕವನ್ನಿತ್ತ ಮೇಲೆ ಸ್ವದೇಶದವರಿಗೂ ಕಣ್ಣು ತೆರೆಯಿತು. ಮ್ಯೂನಿಕ್ ವಿಶ್ವವಿದ್ಯಾನಿಲಯದಲ್ಲಿ ಅವರು ಬಯಸಿದ್ದ ಪ್ರಾಧ್ಯಾಪಕ ಪದವಿ ದೊರೆತದ್ದು 1852 ರಲ್ಲಿ. ಇನ್ನೆರಡು ವರ್ಷಗಳಲ್ಲಿ ತೀರಿಕೊಂಡರು.

ಇನ್ನು ನಿಯಮ. ಒತ್ತಡವನ್ನು ಪ್ರವಾಹದಿಂದ ಭಾಗಿಸಿದರೆ ಪ್ರತಿರೋಧ ಬರುತ್ತದೆ. ವಸ್ತುವಿನ ಶಾಖವು ಬದಲಾಗದಿರುವ ತನಕ ಈ ಭಾಗಲಬ್ಧವೂ ಬದಲಾಗದು. ನಮ್ಮ ಕಾಯಿಲನ್ನೇ ತೆಗೆದುಕೊಳ್ಳೋಣ. ಅದು ಉರಿಯುವಾಗ ಹರಿಯುವ ಪ್ರವಾಹ ಸುಮಾರು ಆರೂವರೆ ಆಂಪಿಯರು. 230 ನ್ನು ಆರೂವರೆಯಿಂದ ಭಾಗಿಸಿದರೆ 35 ಚಿಲ್ಲರೆ. ಕಾಯಿಲಿನ ಪ್ರತಿರೋಧ 35 ಓಮು. ಇದೇ ಎರಡು ಸಂಖ್ಯೆಗಳನ್ನು ಭಾಗಿಸುವ ಬದಲು ಗುಣಿಸಿದರೆ 1,495 ಬರುತ್ತದೆ. ಕಾಯಿಲಿನ ಮೇಲೆ ಅಚ್ಚಾಗಿರುವುದು 1,500 ವ್ಯಾಟು. ಒತ್ತಡ ಮತ್ತು ಪ್ರವಾಹಗಳ ಗುಣಲಬ್ಧಕ್ಕೆ ಸಾಮರ್ಥ್ಯವೆಂದು ಹೆಸರು. ಒಂದೊಂದು ಸೆಕೆಂಡಿಗೂ ಎಷ್ಟು ಶಕ್ತಿಯು ಶಾಖವಾಗಿಯೋ ಬೆಳಕಾಗಿಯೋ ಚಲನೆಯಾಗಿಯೋ ವೆಚ್ಚವಾಗುತ್ತದೆಂಬುದನ್ನು ಅದು ತಿಳಿಸುತ್ತದೆ. ಹೀಗೆ ಅಳತೆಗಳು ಎರಡೇ. ಭಾಗಿಸಿದರೆ ವಸ್ತುವಿನ ಸ್ವಭಾವ ತಿಳಿಯುತ್ತದೆ, ಗುಣಿಸಿದರೆ ಅದರ ಖರ್ಚು ತಿಳಿಯುತ್ತದೆ. ಪಂಖ, ಎಲ್.ಇ.ಡಿ. ದೀಪ ಮುಂತಾದವುಗಳಲ್ಲಿ ಈ ಗುಣಲಬ್ಧವನ್ನು ಇನ್ನೊಂದು ಭಿನ್ನರಾಶಿಯಿಂದ ಸ್ವಲ್ಪ ತಗ್ಗಿಸಬೇಕಾಗುತ್ತದೆ. ಕೇವಲ ಕಾಯುವ ವಸ್ತುಗಳಿಗೆ ಆ ತೊಡಕಿಲ್ಲ.

ಶಾಖವು ಬದಲಾಗದಿರುವ ತನಕ ಎಂದು ಹೇಳಿದೆವಷ್ಟೆ. ಆ ಮಾತನ್ನು ನಮ್ಮ ವಿದ್ಯಾರ್ಥಿಗಳು ಪ್ರತಿವರ್ಷವೂ ಬರೆದುಕೊಳ್ಳುತ್ತಾರೆ, ಪ್ರತಿವರ್ಷವೂ ಮರೆಯುತ್ತಾರೆ. ಅವರ ಕೈಗೆ ಹಳೆಯ ಮಾದರಿಯ, ಒಳಗೆ ಎಳೆಯಿರುವ, 60 ವ್ಯಾಟಿನ ಗಾಜಿನ ದೀಪವೊಂದನ್ನೂ ಮೀಟರನ್ನೂ ಕೊಟ್ಟು ಪ್ರತಿರೋಧವನ್ನು ಅಳೆಯಿರೆನ್ನುತ್ತೇವೆ. ಮೀಟರು ಸುಮಾರು 65 ಓಮನ್ನು ತೋರಿಸುತ್ತದೆ. 230 ನ್ನು 65 ರಿಂದ ಭಾಗಿಸಿದರೆ ಮೂರೂವರೆ ಆಂಪಿಯರು. ಅದನ್ನು 230 ರಿಂದ ಗುಣಿಸಿದರೆ 800 ವ್ಯಾಟಿಗೂ ಮೇಲೆ! "ಸಾರ್, ದೀಪದ ಮೇಲೆ ಬರೆದಿರುವುದು ಸುಳ್ಳು" ಎಂದು ಒಬ್ಬನಾದರೂ ಎದ್ದು ನಿಲ್ಲುತ್ತಾನೆ. ದೀಪದ ಮೇಲೆ ಬರೆದಿರುವುದು ಸುಳ್ಳಲ್ಲ. ಅಳೆದದ್ದು ತಣ್ಣನೆಯ ದೀಪವನ್ನು, ಅಷ್ಟೆ. ಉರಿಯುವಾಗ ಎಳೆಯು ಕಣ್ಣು ಕುಕ್ಕುವಷ್ಟು ಕಾದು, ಅದರ ಪ್ರತಿರೋಧ 880 ಓಮಿನವರೆಗೆ ಏರಿರುತ್ತದೆ. ಇಂಥ ದೀಪಗಳು ಉರಿಯುತ್ತಿರುವಾಗ ಕೆಡುವುದಕ್ಕಿಂತ ಸ್ವಿಚ್ಚನ್ನು ಒತ್ತಿದ ಕ್ಷಣದಲ್ಲಿ ಕೆಡುವುದು ಏಕೆ ಹೆಚ್ಚೆಂಬುದೂ ಇದರಿಂದ ತಿಳಿಯುತ್ತದೆ. ಕಾಯಿಲಿನ ತಂತಿ ನಿಕ್ರೋಮ್ ಎಂಬ ಮಿಶ್ರಲೋಹದ್ದು. ಕಾದರೂ ಅದರ ಪ್ರತಿರೋಧ ಹೆಚ್ಚೇನೂ ಬದಲಾಗುವುದಿಲ್ಲವಾದುದರಿಂದ ನಾವು ನಿಶ್ಚಿಂತೆಯಿಂದ ಲೆಕ್ಕವನ್ನು ಮುಂದುವರಿಸಬಹುದು.

ವಿದ್ಯುತ್ತಿನ ಬಿಲ್ಲಿನಲ್ಲಿ ಕಾಣುವ ಯೂನಿಟ್ಟೆಂದರೆ 1,000 ವ್ಯಾಟು ಒಂದು ಗಂಟೆಯ ಕಾಲ ನಡೆದಾಗ ಆಗುವ ವೆಚ್ಚ. 15 ಲೀಟರು ನೀರನ್ನು 20 ಡಿಗ್ರಿಯಿಂದ 45 ಡಿಗ್ರಿಗೆ ಏರಿಸಲು ನಮ್ಮ ಕಾಯಿಲಿಗೆ ಹದಿನೇಳೂವರೆ ನಿಮಿಷ ಬೇಕು. ಅರ್ಧ ಯೂನಿಟ್ಟಿಗೂ ತುಸು ಕಡಿಮೆ. ಇಲ್ಲಿ ಒಂದು ಸ್ವಾರಸ್ಯವುಂಟು. ಒತ್ತಡವು 230 ರಿಂದ 190 ವೋಲ್ಟಿಗೆ ಇಳಿದಿದೆಯೆನ್ನೋಣ. ಆರರಲ್ಲಿ ಒಂದು ಪಾಲಿನಷ್ಟು ಇಳಿತ. ಶಾಖವೂ ಆರರಲ್ಲಿ ಒಂದು ಪಾಲು ಇಳಿಯಬೇಕೆಂದು ತೋರುತ್ತದೆ. ಹಾಗಾಗುವುದಿಲ್ಲ. ಒತ್ತಡ ಇಳಿದರೆ ಪ್ರವಾಹವೂ ಅದೇ ಪ್ರಮಾಣದಲ್ಲಿ ಇಳಿಯುತ್ತದೆ; ಗುಣಾಕಾರದಲ್ಲಿ ಎರಡು ಇಳಿತಗಳೂ ಸೇರಿಕೊಂಡು 1,500 ವ್ಯಾಟಿನ ಕಾಯಿಲು 1,024 ವ್ಯಾಟಿನದಾಗಿ ಕುಳಿತುಬಿಡುತ್ತದೆ. ಮೂರರಲ್ಲಿ ಒಂದು ಪಾಲು ಹೋಯಿತು. ಅದೇ ಬಕೀಟು ಕಾಯಲು ಇಪ್ಪತ್ತೈದು ನಿಮಿಷಕ್ಕೂ ಮೇಲೆ ಬೇಕು. ಒತ್ತಡ ಕಡಿಮೆಯಾದುದರಿಂದ ಬಿಲ್ಲಾದರೂ ಕಡಿಮೆಯಾಗುವುದೆಂದು ಆಸೆಪಡುವವರಿಗೆ ನಿರಾಶೆಯೇ ಗತಿ: ನೀರಿಗೆ ಬೇಕಾದ ಶಾಖ ಅಷ್ಟೇ, ಯೂನಿಟ್ಟೂ ಅಷ್ಟೇ, ಕಾದದ್ದು ಕಾಯುವವನ ತಾಳ್ಮೆ.

ಈಗ ಮಗಳ ಪ್ರಶ್ನೆಗೆ ಬರೋಣ. ಕಾಯಿಲಿನ ಪ್ರತಿರೋಧ 35 ಓಮು. 60 ವ್ಯಾಟಿನ ದೀಪದ್ದು 880 ಓಮು. ಹೆಚ್ಚು ಕಾಯುವುದು ಕಾಯಿಲು. ಎಂದರೆ ಪ್ರತಿರೋಧ ಕಡಿಮೆಯಿದ್ದಷ್ಟೂ ಶಾಖ ಹೆಚ್ಚು. ಇದು ಮಗಳ ಪಕ್ಷ. ಆದರೆ ಇದಕ್ಕೆದುರಾಗಿ ಇನ್ನೊಬ್ಬ ಮಹಾನುಭಾವನ ಸಾಕ್ಷ್ಯವಿದೆ. ಇಂಗ್ಲೆಂಡಿನ ಮ್ಯಾಂಚೆಸ್ಟರಿನ ಬಳಿ ಬಿಯರು ತಯಾರಿಸುವ ಶ್ರೀಮಂತ ಮನೆತನದಲ್ಲಿ ಹುಟ್ಟಿದ ಜೇಮ್ಸ್ ಜೌಲ್ ಎಂಬ ಯುವಕನು, ಗಾಜಿನ ಕೊಳವೆಯ ಮೇಲೆ ತಂತಿಯನ್ನು ಸುತ್ತಿ ನೀರಿನ ಜಾಡಿಯಲ್ಲಿ ಮುಳುಗಿಸಿ, ಪ್ರವಾಹವನ್ನು ಹರಿಸಿ, ನೀರು ಎಷ್ಟು ಬಿಸಿಯಾಯಿತೆಂದು ಥರ್ಮಾಮೀಟರಿನಿಂದ ಅಳೆದನು. ಇಂದು ನಮ್ಮ ಬಚ್ಚಲುಮನೆಗಳಲ್ಲಿ ಆಗುತ್ತಿರುವುದು ಅದೇ ಪ್ರಯೋಗ, ಥರ್ಮಾಮೀಟರೊಂದಿಲ್ಲ. 1841 ರಲ್ಲಿ ಅವನು ಪ್ರಕಟಿಸಿದ ಫಲಿತಾಂಶವಿದು: ಹುಟ್ಟುವ ಶಾಖವು ಪ್ರವಾಹದ ವರ್ಗವನ್ನು ಪ್ರತಿರೋಧದಿಂದ ಗುಣಿಸಿದಷ್ಟು. ಎಂದರೆ ಪ್ರತಿರೋಧ ಹೆಚ್ಚಿದ್ದಷ್ಟೂ ಶಾಖ ಹೆಚ್ಚು. ಇದು ಎಲೆಕ್ಟ್ರಿಷಿಯನ್ನನ ಪಕ್ಷ.

ಎರಡೂ ನಿಜ. ವ್ಯತ್ಯಾಸವಿರುವುದು ಯಾವುದು ಸ್ಥಿರವಾಗಿ ನಿಂತಿದೆಯೆಂಬುದರಲ್ಲಿ. ಮನೆಯ ಉಪಕರಣಗಳೆಲ್ಲವೂ ಒಂದರ ಪಕ್ಕದಲ್ಲಿ ಒಂದರಂತೆ, ಒಂದೊಂದೂ ನೇರವಾಗಿ 230 ವೋಲ್ಟಿಗೆ ಕೈಚಾಚಿ ನಿಂತಿರುತ್ತವೆ. ಅಲ್ಲಿ ಒತ್ತಡ ಸ್ಥಿರ; ಅಡ್ಡಿ ಕಡಿಮೆಯಿದ್ದವನಿಗೆ ಪ್ರವಾಹ ಹೆಚ್ಚು, ಶಾಖವೂ ಹೆಚ್ಚು. ಸಡಿಲವಾದ ಸ್ಕ್ರೂ ಹಾಗೆ ಪಕ್ಕದಲ್ಲಿ ನಿಂತದ್ದಲ್ಲ. ಕಾಯಿಲಿಗೆ ಹೋಗುವ ದಾರಿಯಲ್ಲಿಯೇ ಕುಳಿತದ್ದು. ಕಾಯಿಲಿನಲ್ಲಿ ಹರಿಯುವಷ್ಟು ಪ್ರವಾಹವೂ ಅದರ ಮೂಲಕವೇ ಹಾದುಹೋಗಬೇಕು. ಆ ಪ್ರವಾಹ ಎಷ್ಟೆಂಬುದನ್ನು ನಿರ್ಧರಿಸುವುದು ಕಾಯಿಲಿನ 35 ಓಮೇ ಹೊರತು ಸ್ಕ್ರೂವಿನ ಅಲ್ಪ ಪ್ರತಿರೋಧವಲ್ಲ. ಊರ ಹೆಬ್ಬಾಗಿಲಿನಲ್ಲಿ ಕುಳಿತ ಸುಂಕದವನಂತೆ ಅದು ಹಾದುಹೋಗುವ ಪ್ರತಿಯೊಂದು ಆಂಪಿಯರಿನಿಂದಲೂ ತನ್ನ ಪಾಲನ್ನು ಕೀಳುತ್ತದೆ.

ಲೆಕ್ಕವನ್ನು ಮಾಡಿಯೇ ನೋಡೋಣ. ಸಡಿಲ ಬೆಸುಗೆಯ ಪ್ರತಿರೋಧ ಅರ್ಧ ಓಮು ಎಂದಿಟ್ಟುಕೊಳ್ಳಿ. ಒಟ್ಟು ಪ್ರತಿರೋಧ 35 ಕ್ಕೆ ಅರ್ಧ ಸೇರಿತು. ಪ್ರವಾಹ ಆರೂವರೆಯಿಂದ 6.4 ಕ್ಕೆ ಇಳಿಯಿತು. ಮಗಳು ಹೇಳಿದಂತೆ ಕಡಿಮೆಯಾದದ್ದು ನಿಜ, ಆದರೆ ಅತ್ಯಲ್ಪ. 6.4 ರ ವರ್ಗ ಸುಮಾರು 41. ಅದನ್ನು ಅರ್ಧದಿಂದ ಗುಣಿಸಿದರೆ 20 ವ್ಯಾಟಿಗೆ ತುಸು ಮೇಲೆ. ಇಪ್ಪತ್ತು ವ್ಯಾಟೆಂದರೆ ಎಷ್ಟು? ರೇಡಿಯೋ ರಿಪೇರಿಯವರು ಬೆಸುಗೆಯ ಸೀಸವನ್ನು ಕರಗಿಸಲು ಹಿಡಿಯುವ ಸಣ್ಣ ಕಾವುಕಡ್ಡಿ 25 ವ್ಯಾಟಿನದು. ಅಂಥದೊಂದು ಕಡ್ಡಿಯನ್ನು ಸಾಕೆಟ್ಟಿನೊಳಗೆ ತುರುಕಿ ಪ್ರತಿದಿನ ಬೆಳಿಗ್ಗೆ ಇಪ್ಪತ್ತು ನಿಮಿಷ ಹೊತ್ತಿಸಿಟ್ಟಿದ್ದೆವೆಂದಾಯಿತು. ಕಾದ ಲೋಹಕ್ಕೆ ಕಿಲುಬು ಹಿಡಿಯುತ್ತದೆ. ಕಿಲುಬಿನಿಂದ ಪ್ರತಿರೋಧ ಏರುತ್ತದೆ. ಅದು ಎರಡು ಓಮಾದ ದಿನ ಅಲ್ಲಿ ಹುಟ್ಟುವ ಶಾಖ 76 ವ್ಯಾಟು. ಪ್ಲಾಸ್ಟಿಕ್ಕು ಕರಗದೆ ಇನ್ನೇನು ಮಾಡೀತು?

ಮಗಳ ಮಾತು ಪೂರ್ತಿ ತಪ್ಪೂ ಅಲ್ಲ. ಬೆಸುಗೆಯ ಪ್ರತಿರೋಧ ಏರುತ್ತ ಏರುತ್ತ ಕಾಯಿಲಿನ 35 ಓಮನ್ನೂ ಮೀರಿದರೆ, ಅಲ್ಲಿಂದ ಮುಂದೆ ಅಡ್ಡಿ ಹೆಚ್ಚಿದಂತೆ ಅಲ್ಲಿನ ಶಾಖ ನಿಜವಾಗಿಯೂ ಇಳಿಯುತ್ತದೆ. ಆದರೆ ಅಷ್ಟು ದೂರ ಹೋಗುವ ಮೊದಲೇ ಮನೆಗೆ ಬೆಂಕಿ ಬಿದ್ದಿರುತ್ತದೆ.

ಇನ್ನು ಎರಡು ಸಂದೇಹಗಳು ಉಳಿಯುತ್ತವೆ. ಆ ಸ್ಕ್ರೂ ಎಷ್ಟೋ ವರ್ಷಗಳಿಂದ ಸಡಿಲವಾಗಿದ್ದಿರಬಹುದು. ಈವರೆಗೆ ಏಕೆ ಕಾಯಲಿಲ್ಲ? ನಾವು ಕಾಯಿಲನ್ನು ಕೊಂಡದ್ದು ಆ ಚಳಿಗಾಲದಲ್ಲಿ. ಅದಕ್ಕೆ ಮುಂಚೆ ಆ ಸಾಕೆಟ್ಟಿಗೆ ಬಚ್ಚಲಿನ ದೀಪವೊಂದನ್ನು ಸಿಕ್ಕಿಸುತ್ತಿದ್ದೆವು. 60 ವ್ಯಾಟಿನ ದೀಪದ ಪ್ರವಾಹ ಕಾಲು ಆಂಪಿಯರು. ಕಾಲಿನ ವರ್ಗ ಹದಿನಾರರಲ್ಲಿ ಒಂದು. ಅದರಲ್ಲಿ ಅರ್ಧ ಮೂವತ್ತೆರಡರಲ್ಲಿ ಒಂದು. ಒಂದು ವ್ಯಾಟಿನ ಮೂವತ್ತೆರಡನೆಯ ಪಾಲಿನಿಂದ ಇರುವೆಯ ಕಾಲೂ ಸುಡುವುದಿಲ್ಲ. ಪ್ರವಾಹ ಇಪ್ಪತ್ತೈದು ಮಡಿಯಾದರೆ ಶಾಖ ಆರುನೂರು ಮಡಿಗೂ ಮೇಲೆ: ವರ್ಗವೆಂಬ ಎರಡಕ್ಷರದ ಮಾತಿನಲ್ಲಿ ಅಡಗಿರುವ ಅಪಾಯವಿದು. ಎರಡನೆಯ ಸಂದೇಹ: ಎಂ.ಸಿ.ಬಿ. ಏಕೆ ಬೀಳಲಿಲ್ಲ? ಅದು ಕಾಯುತ್ತಿರುವುದು ಪ್ರವಾಹವು ಮಿತಿಯನ್ನು ಮೀರುವುದನ್ನು. ನಮ್ಮ ಮನೆಯಲ್ಲಿ ಪ್ರವಾಹ ಮೀರಲಿಲ್ಲ, ತುಸು ಇಳಿಯಿತು. ಕಾವಲುಗಾರನ ಲೆಕ್ಕದಲ್ಲಿ ಎಲ್ಲವೂ ಕ್ಷೇಮ. ಹೊಸ ಎಂ.ಸಿ.ಬಿ. ಹಾಕಿಸಿದ್ದೇವೆ, ಇನ್ನೇನೂ ಭಯವಿಲ್ಲವೆಂದು ಹೇಳುವ ಮಿತ್ರರಿಗೆ ನಾವು ಈ ಕಥೆಯನ್ನು ಹೇಳುವುದುಂಟು.

ಮನೆಯ ಗೋಡೆಯೊಳಗಿನ ತಂತಿಗೂ ಇದೇ ಗುಣಾಕಾರ. ಒಂದು ಚದರ ಮಿಲಿಮೀಟರಿನ ತಾಮ್ರದ ತಂತಿ 15 ಮೀಟರು ಹೋಗಿ 15 ಮೀಟರು ಹಿಂದಿರುಗಿದರೆ ಅದರ ಪ್ರತಿರೋಧ ಅರ್ಧ ಓಮು. ನಮ್ಮ ಸ್ಕ್ರೂವಿನದೂ ಅಷ್ಟೇ! ಹುಟ್ಟುವ ಶಾಖವೂ ಅದೇ ಇಪ್ಪತ್ತು ವ್ಯಾಟು. ಆದರೆ ಅದು ಮೂವತ್ತು ಮೀಟರಿನ ಉದ್ದಕ್ಕೂ ಹಂಚಿಹೋಗಿ ಗೋಡೆಯಲ್ಲಿ ಅಡಗುತ್ತದೆ. ಸ್ಕ್ರೂವಿನಲ್ಲಿ ಸಾಸಿವೆಯಷ್ಟು ಸ್ಥಳದಲ್ಲಿ ಒಟ್ಟಾಗುತ್ತದೆ. ಮದುವೆಯ ಮನೆಗಳಲ್ಲಿ ಉದ್ದನೆಯ ತಂತಿಯನ್ನು ಬಿಚ್ಚದೆ ಸಿಂಬಿಯಾಗಿಯೇ ಬಿಟ್ಟು, ಅದರ ತುದಿಗೆ ದೊಡ್ಡ ಹೀಟರನ್ನು ತಗುಲಿಸುವವರು, ಹಂಚಿಹೋಗಬೇಕಾದ ಶಾಖವನ್ನು ಮತ್ತೆ ಒಂದೆಡೆಗೆ ಕೂಡಿಹಾಕುತ್ತಿದ್ದಾರೆ.

ಮೂವತ್ತು ಮೀಟರಿನ ಬದಲು ನೂರಾರು ಮೈಲಿಯ ತಂತಿಯಾದರೆ? ಈ ಪ್ರಶ್ನೆ ಮೈಸೂರು ಸಂಸ್ಥಾನದವರ ಮುಂದೆ ನಿಜವಾಗಿಯೇ ಬಂದಿತ್ತು. ಕಾವೇರಿಯು ಧುಮುಕುವುದು ಶಿವನಸಮುದ್ರದಲ್ಲಿ. ಶಕ್ತಿ ಬೇಕಾಗಿದ್ದುದು 92 ಮೈಲಿ ದೂರದ ಕೋಲಾರದ ಚಿನ್ನದ ಗಣಿಗಳಲ್ಲಿ. ದಿವಾನ್ ಸರ್ ಕೆ. ಶೇಷಾದ್ರಿ ಅಯ್ಯರವರ ಕಾಲದಲ್ಲಿ ಯೋಜನೆಯು ರೂಪುಗೊಂಡು, ಅವರು 1901 ರಲ್ಲಿ ತೀರಿಕೊಂಡ ಮರುವರ್ಷ, 1902 ರ ಜೂನ್ ತಿಂಗಳಲ್ಲಿ, ವಿದ್ಯುತ್ತು ಗಣಿಗಳನ್ನು ತಲಪಿತು. ಆಗ ಅಷ್ಟು ದೂರಕ್ಕೆ ವಿದ್ಯುತ್ತನ್ನು ಸಾಗಿಸಿದವರು ಲೋಕದಲ್ಲಿಯೇ ಬೆರಳೆಣಿಕೆಯಷ್ಟು ಮಂದಿ. ತಂತಿಯ ಒತ್ತಡ 35,000 ವೋಲ್ಟು. ಅಷ್ಟೊಂದು ಒತ್ತಡವೇತಕ್ಕೆ? ಗಣಿಗಳಿಗೆ ಮೊದಲು ಬೇಕಾಗಿದ್ದುದು ಸುಮಾರು 4,000 ಅಶ್ವಶಕ್ತಿ. ಅದು ಹೆಚ್ಚುಕಡಿಮೆ ಮೂವತ್ತು ಲಕ್ಷ ವ್ಯಾಟು. ಎಣಿಕೆಗೆ ಅನುಕೂಲವಾಗಲೆಂದು ದಾರಿಯ ಪ್ರತಿರೋಧವನ್ನು 10 ಓಮೆಂದು ಭಾವಿಸಿಕೊಳ್ಳೋಣ. ಇದು ಆ ತಂತಿಯನ್ನು ಅಳೆದು ಹೇಳಿದ್ದಲ್ಲ. ಅಲ್ಲಿದ್ದುದು ಮೂರು ತಂತಿಗಳ ಏರ್ಪಾಡಾದುದರಿಂದ ನಿಜವಾದ ಲೆಕ್ಕ ಸ್ವಲ್ಪ ಬೇರೆ, ತಾತ್ಪರ್ಯ ಇದೇ. ಮೂವತ್ತು ಲಕ್ಷವನ್ನು 35,000 ದಿಂದ ಭಾಗಿಸಿದರೆ ಪ್ರವಾಹ 86 ಆಂಪಿಯರು. ಅದರ ವರ್ಗವನ್ನು ಹತ್ತರಿಂದ ಗುಣಿಸಿದರೆ ದಾರಿಯಲ್ಲಿ ನಷ್ಟವಾಗುವುದು 74,000 ವ್ಯಾಟಿನಷ್ಟು. ನೂರಕ್ಕೆ ಎರಡೂವರೆ, ತಾಳಬಹುದಾದ ನಷ್ಟ. ಒತ್ತಡವು ಇದರ ಹತ್ತನೆಯ ಒಂದು ಪಾಲು, 3,500 ವೋಲ್ಟು ಇದ್ದಿದ್ದರೆ ಪ್ರವಾಹವು ಹತ್ತು ಮಡಿ, ನಷ್ಟವು ನೂರು ಮಡಿ: ಎಪ್ಪತ್ತನಾಲ್ಕು ಲಕ್ಷ ವ್ಯಾಟು! ಮೂವತ್ತು ಲಕ್ಷವನ್ನು ಮುಟ್ಟಿಸಲು ದಾರಿಯಲ್ಲಿ ಎಪ್ಪತ್ತನಾಲ್ಕು ಲಕ್ಷವನ್ನು ಸುಡಬೇಕು. ಹಾಗೆ ಮಾಡುವುದಕ್ಕಿಂತ ಜಲಪಾತವನ್ನು ಅದರ ಪಾಡಿಗೆ ಬಿಡುವುದೇ ವಾಸಿ. ಶಿವನಸಮುದ್ರದ ಸಾಹಸವೆಲ್ಲವೂ ನಿಂತಿದ್ದುದು ಜೌಲನ ಜಾಡಿಯಲ್ಲಿ ದೊರೆತ ಆ ವರ್ಗದ ಮೇಲೆ. 1905 ರಲ್ಲಿ ಬೆಂಗಳೂರಿನ ಬೀದಿಗಳೂ ಅದೇ ನೀರಿನಿಂದ ಬೆಳಗಿದುವು. ಗಣಿಗಳು 2001 ರಲ್ಲಿ ಮುಚ್ಚಿದುವು.

ಕೊನೆಯದಾಗಿ, ಎಲ್ಲಕ್ಕಿಂತ ನಾಜೂಕಾದ ಪ್ರತಿರೋಧವೊಂದರ ಮಾತು: ನಮ್ಮ ಮೈ. ಇಂಗ್ಲೆಂಡಿನ ಹೆನ್ರಿ ಕ್ಯಾವೆಂಡಿಷ್ ಎಂಬ ಏಕಾಂತಪ್ರಿಯನಾದ ವಿಜ್ಞಾನಿಯು ಓಮರಿಗಿಂತ ಎಷ್ಟೋ ಮೊದಲೇ ಇಂಥ ಅಳತೆಗಳನ್ನು ಮಾಡಿದ್ದನು. ಅಳೆಯುವ ಉಪಕರಣವಿಲ್ಲದ ಕಾಲವಾದುದರಿಂದ ಅವನು ವಿದ್ಯುತ್ತನ್ನು ತನ್ನ ಮೈಯಲ್ಲಿಯೇ ಹರಿಸಿಕೊಂಡು, ಹೊಡೆತದ ಬಲವನ್ನು ಹೋಲಿಸಿ ನೋಡಿ ಬರೆದಿಡುತ್ತಿದ್ದನು, ಪ್ರಕಟಿಸಲಿಲ್ಲ. ಆ ಬರಹಗಳನ್ನು ಮ್ಯಾಕ್ಸ್‌ವೆಲ್ ಎಂಬ ಮಹಾವಿಜ್ಞಾನಿಯು 1879 ರಲ್ಲಿ ಅಚ್ಚು ಹಾಕಿಸಿದನು. ಕ್ಯಾವೆಂಡಿಷನ ಹೊಡೆತಗಳು ಕ್ಷಣಮಾತ್ರದವು. ಮನೆಯ ವಿದ್ಯುತ್ತು ಬಿಡದೆ ಹರಿಯುವಂಥದು. ಒಣಗಿದ ಕೈಯ ಪ್ರತಿರೋಧ ಸಾವಿರಾರು ಓಮುಗಳಿರುತ್ತದೆ. ಒದ್ದೆಯಾದ ಮೈಯದು 1,000 ಓಮಿನ ಆಸುಪಾಸಿಗೆ ಇಳಿಯಬಹುದು. 230 ನ್ನು 1,000 ದಿಂದ ಭಾಗಿಸಿರಿ: ಕಾಲು ಆಂಪಿಯರಿಗೂ ಕಡಿಮೆ. ಒಂದು 60 ವ್ಯಾಟಿನ ದೀಪಕ್ಕೆ ಬೇಕಾಗುವುದಕ್ಕಿಂತಲೂ ಕಡಿಮೆ. ಹೃದಯದ ಬಡಿತವನ್ನು ಕೆಡಿಸಿ ಪ್ರಾಣವನ್ನು ತೆಗೆಯಲು ಅದು ಬೇಕಾದಷ್ಟಾಯಿತು, ಮತ್ತು ಎಂ.ಸಿ.ಬಿ.ಯು ಅದನ್ನು ಗಮನಿಸುವುದೇ ಇಲ್ಲ. ಹೋದ ಪ್ರವಾಹವೂ ಹಿಂದಿರುಗಿದ ಪ್ರವಾಹವೂ ಸರಿಹೊಂದುತ್ತವೆಯೇ ಎಂದು ನೋಡುತ್ತಿದ್ದು, ಆಂಪಿಯರಿನ ಸಾವಿರದಲ್ಲಿ ಮೂವತ್ತು ಪಾಲಿನಷ್ಟು ಸೋರಿದರೂ ಒಡನೆಯೇ ಕಡಿದುಹಾಕುವ ಬೇರೊಂದು ಸಾಧನವುಂಟು, ಆರ್.ಸಿ.ಸಿ.ಬಿ. ಎಂದು ಕೇಳಿದರೆ ಅಂಗಡಿಯಲ್ಲಿ ಕೊಡುತ್ತಾರೆ. ಅದು ಇರಲಿ, ಇಲ್ಲದಿರಲಿ, ನೀರು ಬಿಸಿಯಾಯಿತೇ ಎಂದು ಬೆರಳದ್ದಿ ನೋಡುವ ಮೊದಲು ಸ್ವಿಚ್ಚನ್ನು ಆರಿಸಿ ಪ್ಲಗ್ಗನ್ನು ಕಿತ್ತಿರತಕ್ಕದ್ದು.

ನಮ್ಮ ಮನೆಯಲ್ಲಿ ಈಗ ಕಾಯಿಲಿಗೆಂದೇ ದಪ್ಪ ತಂತಿಯನ್ನು ಎಳೆಸಿ 16 ಆಂಪಿಯರಿನ ಸಾಕೆಟ್ಟನ್ನು ಹಾಕಿಸಿದ್ದೇವೆ. ಮಗಳು ಈ ಲೆಕ್ಕಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ಅಜ್ಜಿಗೆ ಓದಿ ಹೇಳಿದಳು. ಅಜ್ಜಿ ಕೊನೆಯವರೆಗೂ ಕೇಳಿದರು. ಮರುದಿನದಿಂದ ಅವರು ಪ್ಲಗ್ಗನ್ನು ಕಿತ್ತ ಮೇಲೆ ಅದರ ಪ್ಲಾಸ್ಟಿಕ್ಕಿನ ಬೆನ್ನನ್ನು ಅಂಗೈಯಲ್ಲಿ ಹಿಡಿದು ನೋಡುತ್ತಾರೆ. ಬಿಸಿಯಾಗಿದ್ದರೆ ನಮ್ಮನ್ನು ಕರೆಯುವರಂತೆ. "ನಿಮ್ಮ ಲೆಕ್ಕ ಚೆನ್ನಾಗಿದೆ ಕಣಮ್ಮಾ, ಆದರೆ ಅವತ್ತು ಮೊದಲು ಗೊತ್ತಾಗಿದ್ದು ನನ್ನ ಮೂಗಿಗೆ" ಎಂದು ಮೊಮ್ಮಗಳಿಗೆ ಹೇಳಿದರು.